ಪ್ರತಿಜ್ಞೆ ಸಂವಿಧಾನಕ್ಕೆ, ಸೆಲ್ಯೂಟ್ ಮೇಲಧಿಕಾರಿಗೆ: ಅಮೆರಿಕದ ಭಾವೀ ಸೇನಾಧಿಕಾರಿಗಳ ರಾಜಕೀಯ ಪಾಠ

ನ್ಯೂಯಾರ್ಕ್ ನಗರದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಹಡ್ಸನ್ ನದಿ ಚೂಪಾಗಿ ತಿರುಗುವ ಕಡೆ, ದಂಡೆಯ ಕಡಿದಾದ ಗುಡ್ಡದ ಮೇಲೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಿದೆ. ಪ್ರತಿವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಸಾವಿರಕ್ಕೂ ಹೆಚ್ಚು ಹುಡುಗ ಹುಡುಗಿಯರು ಚೀಲ ಹಿಡಿದು ಅಲ್ಲಿಗೆ ಬಂದಿಳಿಯುತ್ತಾರೆ. ಮನೆಯವರನ್ನು ಬೀಳ್ಕೊಡಲು ಸಿಗುವುದು ಒಂದೆರಡು ನಿಮಿಷ. ಆಮೇಲೆ ಹುಡುಗರ ತಲೆ ನುಣ್ಣಗಾಗುತ್ತದೆ, ಬಟ್ಟೆ ಬೂಟುಗಳು ಬದಲಾಗುತ್ತವೆ, ಸೆಲ್ಯೂಟ್ ಹೊಡೆಯುವುದನ್ನು ಕಲಿಸುತ್ತಾರೆ, ಮತ್ತು ಅದೇ ಸಂಜೆ ಅವರೆಲ್ಲ ಸಾಲಾಗಿ ನಿಂತು ಬಲಗೈ ಎತ್ತಿ ಪ್ರತಿಜ್ಞೆ ಮಾಡುತ್ತಾರೆ. ಆ ಪ್ರತಿಜ್ಞೆಯ ಎರಡು ಮಾತುಗಳನ್ನು ನಿಧಾನವಾಗಿ ಓದಬೇಕು. ದೇಶದ ಸಾರ್ವಭೌಮತ್ವವನ್ನು ಯಾವುದೇ ರಾಜ್ಯಕ್ಕೆ ತಾನು ಸಲ್ಲಿಸಬೇಕಾದ ನಿಷ್ಠೆಗಿಂತ ಮೇಲೆಂದು ಎತ್ತಿಹಿಡಿಯುವೆ ಎಂಬುದು ಒಂದು. 1852ರಿಂದ 1855ರವರೆಗೆ ಇದೇ ಅಕಾಡೆಮಿಯ ಮುಖ್ಯಸ್ಥನಾಗಿದ್ದ ರಾಬರ್ಟ್ ಲೀ, 1861ರಲ್ಲಿ ಗುಲಾಮಗಿರಿಯ ಜಗಳ ಅಂತರ್ಯುದ್ಧವಾಗಿ ಹೊತ್ತಿಕೊಂಡಾಗ ದೇಶದ ಸೇನೆ ಬಿಟ್ಟು, ಒಕ್ಕೂಟದಿಂದ ಸಿಡಿದುಹೋದ ತನ್ನ ಹುಟ್ಟುರಾಜ್ಯ ವರ್ಜೀನಿಯಾದ ಕಡೆ ಹೋದನಲ್ಲ, ಆ ಕಾಲದ ಗಾಯದ ಗುರುತು ಈ ಸಾಲಿನಲ್ಲಿ ಇನ್ನೂ ಇದೆ. ಮೇಲಧಿಕಾರಿಗಳ ‘ಕಾನೂನುಬದ್ಧ’ ಆದೇಶಗಳನ್ನು ಪಾಲಿಸುವೆ ಎಂಬುದು ಎರಡನೆಯದು. ಬರಿಯ ಆದೇಶಗಳನ್ನಲ್ಲ, ಕಾನೂನುಬದ್ಧ ಆದೇಶಗಳನ್ನು.

ನಾಲ್ಕು ವರ್ಷ ಕಳೆದು ಸೆಕೆಂಡ್ ಲೆಫ್ಟಿನೆಂಟ್ ಆಗುವ ದಿನ ಅವರು ಇನ್ನೊಂದು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಹೊರಗಿನವರಿರಲಿ ಒಳಗಿನವರಿರಲಿ, ಎಲ್ಲ ಶತ್ರುಗಳಿಂದ ಸಂವಿಧಾನವನ್ನು ರಕ್ಷಿಸುವೆ ಎಂಬುದು ಅದರ ತಿರುಳು. ಅದೇ ಸೇನೆಗೆ ಸಿಪಾಯಿಯಾಗಿ ಸೇರುವವನು ಇದರ ಜೊತೆಗೆ ಅಧ್ಯಕ್ಷರ ಮತ್ತು ತನ್ನ ಮೇಲಧಿಕಾರಿಗಳ ಆದೇಶಗಳನ್ನು ಪಾಲಿಸುವೆನೆಂದೂ ಹೇಳಬೇಕು. ಅಧಿಕಾರಿಯ ಪ್ರಮಾಣವಚನದಲ್ಲಿ ಆ ವಾಕ್ಯವೇ ಇಲ್ಲ. ಸೆನೆಟರುಗಳೂ ಫೆಡರಲ್ ನೌಕರರೂ ಹೇಳುವ ಪ್ರಮಾಣವಚನವನ್ನೇ ಅವನೂ ಹೇಳುತ್ತಾನೆ. ಹಾಗೆಂದು ಅಧಿಕಾರಿಯಾದವನು ಅಧ್ಯಕ್ಷರ ಮಾತು ಕೇಳಬೇಕಿಲ್ಲ ಎಂದಲ್ಲ. ಸೇನಾ ದಂಡಸಂಹಿತೆ ಅವನನ್ನೂ ಕಟ್ಟಿಹಾಕಿದೆ, ಆದೇಶ ಮೀರಿದರೆ ಕೋರ್ಟ್ ಮಾರ್ಷಲ್ ಕಾದಿದೆ. ಆದರೂ ದೇವರ ಹೆಸರಿನಲ್ಲಿ ಕೊಟ್ಟ ಮಾತು ಒಂದು ದಸ್ತಾವೇಜಿಗೆ, ದಿನನಿತ್ಯದ ವಿಧೇಯತೆ ಒಬ್ಬ ವ್ಯಕ್ತಿಗೆ ಎಂಬ ಈ ಜೋಡಣೆಯ ಅರ್ಥವೇನೆಂದು ಇಪ್ಪತ್ತರ ಹರೆಯದವರಿಗೆ ಯಾರಾದರೂ ಬಿಡಿಸಿ ಹೇಳಬೇಕಷ್ಟೆ. ಹೋಲಿಕೆಗಾಗಿ ನಮ್ಮದನ್ನು ನೋಡಬಹುದು: ಭಾರತೀಯ ಸೇನೆಯ ಅಧಿಕಾರಿ ಸಂವಿಧಾನಕ್ಕೆ ನಿಷ್ಠೆ ಹೇಳುವುದರ ಜೊತೆಗೆ ರಾಷ್ಟ್ರಪತಿಯ ಮತ್ತು ತನ್ನ ಮೇಲಿನ ಅಧಿಕಾರಿಯ ಆದೇಶಗಳನ್ನು ಪ್ರಾಣದ ಹಂಗು ತೊರೆದು ಪಾಲಿಸುವೆ ಎನ್ನುತ್ತಾನೆ. ಆದರೆ ನಮ್ಮ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯುವವರು, ಮಂತ್ರಿಮಂಡಲ ಲೋಕಸಭೆಗೆ ಉತ್ತರ ಕೊಡಬೇಕಾದದ್ದು. ಅಮೆರಿಕದಲ್ಲಿ ಮಹಾದಂಡನಾಯಕನಾದ ಅಧ್ಯಕ್ಷ ಚುನಾವಣೆಯಲ್ಲಿ ಗೆದ್ದುಬಂದ ಪಕ್ಷದ ನಾಯಕನೂ ಹೌದು. ಅಲ್ಲಿನ ಅಧಿಕಾರಿಗೆ ಈ ಪಾಠ ನಮ್ಮವರಿಗಿಂತ ತುರ್ತಾಗಿ ಬೇಕಾಗುವುದು ಅದಕ್ಕೇ ಎಂದು ನನಗೆ ತೋರುತ್ತದೆ.

ವೆಸ್ಟ್ ಪಾಯಿಂಟ್‌ನಲ್ಲಿ ಈ ಕೆಲಸ ಸಮಾಜ ವಿಜ್ಞಾನ ವಿಭಾಗದ ಪಾಲಿಗಿದೆ. ಕೆಡೆಟ್‌ಗಳು ಅದನ್ನು ಮೊಟಕಾಗಿ ‘ಸೋಶ್’ ಎನ್ನುತ್ತಾರೆ. ಎಂಜಿನಿಯರಿಂಗ್ ಓದುವವನಿರಲಿ, ಚೀನೀ ಭಾಷೆ ಓದುವವಳಿರಲಿ, ಅಮೆರಿಕದ ರಾಜಕೀಯ ಎಂಬ ಕೋರ್ಸು ಎಲ್ಲರಿಗೂ ಕಡ್ಡಾಯ. ಅನಾಪೊಲಿಸ್‌ನ ನೌಕಾ ಅಕಾಡೆಮಿ ಸರ್ಕಾರ ಮತ್ತು ಸಂವಿಧಾನದ ಪಾಠವನ್ನು ಮೊದಲ ವರ್ಷದಲ್ಲೇ ಮುಗಿಸುತ್ತದೆ. ಕೊಲರಾಡೊದ ವಾಯುಪಡೆ ಅಕಾಡೆಮಿಯಲ್ಲೂ ಇಂಥದೊಂದು ಕಡ್ಡಾಯ ಕೋರ್ಸಿದೆ. ವೆಸ್ಟ್ ಪಾಯಿಂಟ್‌ನ ತರಗತಿ ಸಣ್ಣದು, ಹದಿನೈದು ಹದಿನೆಂಟು ಜನರಿಗಿಂತ ಹೆಚ್ಚಿರುವುದಿಲ್ಲ. ಶಿಕ್ಷಕರು ಒಳಬಂದಾಗ ಎಲ್ಲರೂ ಎದ್ದು ನೆಟ್ಟಗೆ ನಿಲ್ಲುತ್ತಾರೆ. ಅವರಲ್ಲೊಬ್ಬ ಸೆಲ್ಯೂಟ್ ಮಾಡಿ ತರಗತಿ ಪಾಠಕ್ಕೆ ಸಿದ್ಧವಿದೆಯೆಂದು ವರದಿ ಒಪ್ಪಿಸುತ್ತಾನೆ. ಪಾಠವನ್ನು ಹಿಂದಿನ ರಾತ್ರಿಯೇ ಓದಿಕೊಂಡು ಬಂದಿರಬೇಕು, ತರಗತಿ ಇರುವುದು ಕೇಳಿಸಿಕೊಳ್ಳುವುದಕ್ಕಲ್ಲ, ಉತ್ತರ ಹೇಳುವುದಕ್ಕೆ. 1817ರಿಂದ 1833ರವರೆಗೆ ಮುಖ್ಯಸ್ಥನಾಗಿದ್ದ ಸಿಲ್ವೇನಸ್ ಥೇಯರ್ ಹಾಕಿಕೊಟ್ಟ ಪದ್ಧತಿಯಿದು. ಲೆಕ್ಕ, ಸೇತುವೆ, ಕೋಟೆಗಳ ಪಾಠಕ್ಕೆಂದು ಹುಟ್ಟಿದ ಈ ಪದ್ಧತಿ ಉತ್ತರ ಒಂದೇ ಇರುವ ವಿಷಯಗಳಿಗೆ ಹೇಳಿ ಮಾಡಿಸಿದಂತಿತ್ತು. ಅಧ್ಯಕ್ಷರಿಗೆ ಎಷ್ಟು ಅಧಿಕಾರವಿದೆ ಎಂಬ ಪ್ರಶ್ನೆಗೆ ಕರಿಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆಯುವಂಥ ಉತ್ತರ ಇಲ್ಲ.

ಪಾಠ ಹೇಳುವವರು ಯಾರೆಂಬುದೂ ಮುಖ್ಯ. ಕಾಯಂ ಪ್ರಾಧ್ಯಾಪಕರೂ ನಾಗರಿಕ ಪ್ರಾಧ್ಯಾಪಕರೂ ಇದ್ದಾರೆ, ಆದರೆ ಹೆಚ್ಚಿನ ತರಗತಿಗಳನ್ನು ನಡೆಸುವುದು ಮೂವತ್ತರ ಆಸುಪಾಸಿನ ಕ್ಯಾಪ್ಟನ್ನರು ಮತ್ತು ಮೇಜರುಗಳು. ಸೇನೆ ಅವರನ್ನು ಎರಡು ವರ್ಷ ಯಾವುದಾದರೂ ದೊಡ್ಡ ವಿಶ್ವವಿದ್ಯಾಲಯಕ್ಕೆ ಕಳುಹಿಸಿ ಸ್ನಾತಕೋತ್ತರ ಪದವಿ ಓದಿಸುತ್ತದೆ. ಅಲ್ಲಿಂದ ಬಂದು ಎರಡು ಮೂರು ವರ್ಷ ಪಾಠ ಮಾಡುತ್ತಾರೆ, ಮತ್ತೆ ತಮ್ಮ ಪಡೆಗೆ ಹಿಂದಿರುಗುತ್ತಾರೆ. ಹೀಗಾಗಿ ಅಧ್ಯಕ್ಷರ ಅಧಿಕಾರಗಳನ್ನು ಹೇಳುವ ಸಂವಿಧಾನದ ಎರಡನೆಯ ವಿಧಿಯನ್ನು ವಿವರಿಸುತ್ತಿರುವ ಮೇಜರ್, ಐದು ವರ್ಷ ಹಿಂದೆ ಅಫ್ಘಾನಿಸ್ತಾನದ ಯಾವುದೋ ಕಣಿವೆಯಲ್ಲಿ ಆ ವಿಧಿಯ ಫಲವನ್ನು ಉಂಡವನಿರಬಹುದು. ಕೆಡೆಟ್‌ಗಳು ಕಿವಿಗೊಡುವುದು ಅದಕ್ಕೇ. ಇದರ ಇನ್ನೊಂದು ಮುಖ ಮುಂದೆ ಬರುತ್ತದೆ: ಈ ಶಿಕ್ಷಕನ ಬಡ್ತಿ, ವರ್ಗ, ಸಂಬಳ, ಎಲ್ಲವೂ ಅವನು ಯಾರ ಅಧಿಕಾರವನ್ನು ವಿಶ್ಲೇಷಿಸುತ್ತಿದ್ದಾನೋ ಅವರ ಕೈಕೆಳಗೇ ಇವೆ.

ಪಾಠದ ಒಡಲಿನಲ್ಲಿ ಏನಿದೆ? ಮೊದಲಿಗೆ ಕೆಡೆಟ್‌ನ ಪ್ರವೇಶಪತ್ರವನ್ನೇ ತೆಗೆದುಕೊಳ್ಳಬಹುದು. ಈ ಅಕಾಡೆಮಿಗಳಿಗೆ ಅಂಕಪಟ್ಟಿಯೊಂದಿದ್ದರೆ ಸಾಲದು, ಹೆಚ್ಚಿನವರಿಗೆ ತಮ್ಮ ಕ್ಷೇತ್ರದ ಕಾಂಗ್ರೆಸ್ ಸದಸ್ಯರ ಅಥವಾ ಸೆನೆಟರ್ ಒಬ್ಬರ ನಾಮನಿರ್ದೇಶನ ಬೇಕು. ಕಾಂಗ್ರೆಸ್ ಎಂದರೆ ಇಲ್ಲಿ ನಮ್ಮ ಪಕ್ಷವಲ್ಲ, ಅಮೆರಿಕದ ಸಂಸತ್ತು. ಒಬ್ಬೊಬ್ಬ ಸದಸ್ಯರ ಲೆಕ್ಕದಲ್ಲಿ ಒಂದು ಅಕಾಡೆಮಿಯಲ್ಲಿ ಯಾವುದೇ ಕಾಲಕ್ಕೆ ಐದು ಜನ ಓದುತ್ತಿರಬಹುದು. ಯಾವುದೋ ಒಂದು ಪ್ರಾಂತದವರೋ ಒಂದು ಮನೆತನದವರೋ ಸೇನೆಯನ್ನು ತಮ್ಮ ಸ್ವತ್ತು ಮಾಡಿಕೊಳ್ಳದಂತೆ ದೇಶದ ಎಲ್ಲ ಮೂಲೆಗಳಿಂದ ಅಧಿಕಾರಿಗಳು ಬರಲಿ ಎಂಬ ಲೆಕ್ಕಾಚಾರ ಇದರ ಹಿಂದಿದೆ. ರಾಜಕೀಯಕ್ಕೂ ನನಗೂ ಸಂಬಂಧವಿಲ್ಲ ಎನ್ನುವ ಕೆಡೆಟ್ ಅಲ್ಲಿ ಕುಳಿತಿರುವುದೇ ಒಬ್ಬ ರಾಜಕಾರಣಿಯ ಸಹಿಯಿಂದ.

ಆಮೇಲೆ ಹಣ. ಸಂವಿಧಾನದ ಮೊದಲ ವಿಧಿಯ ಎಂಟನೆಯ ಕಲಮು ಸೇನೆ ಕಟ್ಟುವ, ಯುದ್ಧ ಘೋಷಿಸುವ, ಸೇನೆಗೆ ನಿಯಮ ಮಾಡುವ ಅಧಿಕಾರಗಳನ್ನೆಲ್ಲ ಕಾಂಗ್ರೆಸ್ಸಿಗೆ ಕೊಡುತ್ತದೆ, ಭೂಸೇನೆಗೆ ಒಮ್ಮೆಗೆ ಎರಡು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಧನವಿನಿಯೋಗ ಮಾಡಕೂಡದು ಎಂದು ಕಟ್ಟುಮಾಡುತ್ತದೆ. ನೌಕಾಪಡೆಗೆ ಈ ಮಿತಿ ಇಲ್ಲ. ಹಡಗುಗಳು ರಾಜಧಾನಿಯ ಬೀದಿಯಲ್ಲಿ ಕವಾಯತು ಮಾಡಲಾರವು, ಕಾಲಾಳುಗಳು ಮಾಡಬಲ್ಲರು. ಬ್ರಿಟಿಷ್ ಸಿಪಾಯಿಗಳನ್ನು ಕಂಡುಂಡ ತಲೆಮಾರಿಗೆ ಕಾಯಂ ಭೂಸೇನೆಯ ಭಯ ಅಷ್ಟಿತ್ತು. 2025ರ ಅಕ್ಟೋಬರ್ 1ರಿಂದ 43 ದಿನ ಸರ್ಕಾರದ ಕೆಲಸ ಸ್ಥಗಿತವಾದಾಗ ಈ ಕಲಮು ಮತ್ತೆ ಎಲ್ಲರ ಬಾಯಿಗೆ ಬಂತು. ಕಾಂಗ್ರೆಸ್ ಹಣ ಮಂಜೂರು ಮಾಡಿರಲಿಲ್ಲ, ಸೈನಿಕರ ಸಂಬಳದ ದಿನ ಬಂದಿತ್ತು. ಸರ್ಕಾರ ಸಂಶೋಧನೆಗೆಂದು ಮೀಸಲಾಗಿದ್ದ ಹಣವನ್ನು ಸಂಬಳಕ್ಕೆ ತಿರುಗಿಸಿತು, ಮೇಲಾಗಿ ಖಾಸಗಿ ವ್ಯಕ್ತಿಯೊಬ್ಬರ 13 ಕೋಟಿ ಡಾಲರ್ ದೇಣಿಗೆಯನ್ನೂ ಸ್ವೀಕರಿಸಿತು. ಸೈನಿಕನಿಗೆ ಸಂಬಳ ಬಂತಲ್ಲ, ಇನ್ನೇನು ತಕರಾರು ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಸೇನೆಯ ಸಂಬಳ ಸಂಸತ್ತಿನ ಕೈಯಲ್ಲೇ ಇರಬೇಕೆಂದು ಅಷ್ಟು ಎಚ್ಚರದಿಂದ ಗಂಟು ಹಾಕಿದವರು, ಒಬ್ಬ ಶ್ರೀಮಂತನ ಚೆಕ್ಕಿನಿಂದ ಪಗಾರ ಬಟವಾಡೆಯಾಗುವ ಸೇನೆಯನ್ನು ಒಪ್ಪುತ್ತಿದ್ದರೇ ಎಂಬುದು ತರಗತಿಯಲ್ಲಿ ಒಂದು ಗಂಟೆ ಚರ್ಚಿಸಬೇಕಾದ ಪ್ರಶ್ನೆ.

ಸಂಬಳದ ಮಾತಿಗೆ ಆ ನೆಲದ್ದೇ ಒಂದು ಕಥೆಯೂ ಇದೆ. ವೆಸ್ಟ್ ಪಾಯಿಂಟ್‌ನಿಂದ ನದಿಯ ಮೇಲ್ಗಡೆ ಕೆಲವೇ ಮೈಲಿ ದೂರದ ನ್ಯೂಬರ್ಗ್ ಬಳಿ 1783ರಲ್ಲಿ ಸೇನೆ ಬೀಡುಬಿಟ್ಟಿತ್ತು. ಸ್ವಾತಂತ್ರ್ಯ ಯುದ್ಧ ಮುಗಿಯುತ್ತ ಬಂದಿದ್ದರೂ ಕಾಂಗ್ರೆಸ್ ಸಂಬಳ ಬಾಕಿ ಇಟ್ಟುಕೊಂಡಿತ್ತು, ಕೊಡುವೆನೆಂದಿದ್ದ ಪಿಂಚಣಿಯ ಸುಳಿವಿರಲಿಲ್ಲ. ಬೇಡಿಕೆ ಈಡೇರದಿದ್ದರೆ ಶಸ್ತ್ರ ಕೆಳಗಿಡುವುದು ಬೇಡ ಎಂಬ ಅನಾಮಧೇಯ ಪತ್ರಗಳು ಅಧಿಕಾರಿಗಳ ನಡುವೆ ಹರಿದಾಡುತ್ತಿದ್ದವು. ಮಾರ್ಚ್ 15ರಂದು ಅವರ ಸಭೆಗೆ ಜಾರ್ಜ್ ವಾಷಿಂಗ್ಟನ್ ಹೇಳದೆ ಕೇಳದೆ ಬಂದರು. ಮಾಡಿದ ಭಾಷಣ ಸಭೆಯನ್ನು ಅಷ್ಟೇನೂ ಕರಗಿಸಲಿಲ್ಲ. ಕೊನೆಗೆ ಕಾಂಗ್ರೆಸ್ ಸದಸ್ಯರೊಬ್ಬರ ಪತ್ರ ಓದಲು ಹೋಗಿ ಅಕ್ಷರ ಕಾಣದೆ ತಡವರಿಸಿ, ಜೇಬಿನಿಂದ ಕನ್ನಡಕ ತೆಗೆದರು. ಅವರು ಕನ್ನಡಕ ಹಾಕುವುದನ್ನು ಆ ಅಧಿಕಾರಿಗಳಲ್ಲಿ ಹೆಚ್ಚಿನವರು ಅದುವರೆಗೆ ನೋಡಿರಲಿಲ್ಲ. ದೇಶದ ಸೇವೆಯಲ್ಲಿ ತಲೆ ನರೆತದ್ದಷ್ಟೇ ಅಲ್ಲ, ಈಗ ಕಣ್ಣೂ ಮಂಜಾಗುತ್ತಿದೆ ಎಂಬರ್ಥದ ಒಂದು ಮಾತು ಹೇಳಿದರಂತೆ. ಗಟ್ಟಿಗರು ಕಣ್ಣೊರೆಸಿಕೊಂಡರು, ಸಂಚು ಅಲ್ಲಿಗೇ ಮುಗಿಯಿತು. ಅದೇ ವರ್ಷ ಡಿಸೆಂಬರ್ 23ರಂದು ಅವರು ಅನಾಪೊಲಿಸ್‌ನಲ್ಲಿ ಸೇರಿದ್ದ ಕಾಂಗ್ರೆಸ್ ಮುಂದೆ ನಿಂತು ತಮ್ಮ ದಂಡನಾಯಕ ಪದವಿಯ ಆಜ್ಞಾಪತ್ರವನ್ನು ಹಿಂದಿರುಗಿಸಿದರು. ಆ ಸಭಾಂಗಣದಿಂದ ಇಂದಿನ ನೌಕಾ ಅಕಾಡೆಮಿಗೆ ನಡೆದೇ ಹೋಗಬಹುದು. ಎರಡೂ ಅಕಾಡೆಮಿಗಳಿಗೆ ತಮ್ಮ ಪಾಠದ ಮೂಲಕಥೆ ಹೀಗೆ ಮನೆಬಾಗಿಲಲ್ಲೇ ಸಿಕ್ಕಿದೆ. ಆದರೆ ಕಥೆ ಚೆನ್ನಾಗಿದೆಯೆಂದು ಅಲ್ಲಿಗೇ ನಿಲ್ಲಿಸುವ ಶಿಕ್ಷಕ ಅರ್ಧ ಪಾಠ ಮಾತ್ರ ಮಾಡಿದಂತೆ. ಅಂದು ದೇಶ ಉಳಿದದ್ದು ಒಬ್ಬನ ಸಜ್ಜನಿಕೆಯಿಂದ. ನಾಲ್ಕು ವರ್ಷ ಬಿಟ್ಟು ಸಂವಿಧಾನ ಬರೆಯಲು ಕುಳಿತವರು ಸಜ್ಜನಿಕೆಯನ್ನು ನೆಚ್ಚಿಕೊಳ್ಳದೆ ಕಲಮುಗಳನ್ನು ಬರೆದರು.

ಕನ್ನಡದಲ್ಲಿ ‘ರಾಜಕೀಯ ಮಾಡಬೇಡ’ ಎಂದರೆ ಒಳಸಂಚು ಬೇಡ, ಗುಂಪುಗಾರಿಕೆ ಬೇಡ ಎಂದರ್ಥ. ಪಿಯುಸಿಯಲ್ಲಿ ಓದುವ ವಿಷಯಕ್ಕೆ ರಾಜ್ಯಶಾಸ್ತ್ರ ಎಂಬ ಬೇರೆಯೇ ಹೆಸರಿದೆ. ರಾಜಕೀಯ ಮಾಡುವುದು ಬೇರೆ, ತಿಳಿಯುವುದು ಬೇರೆ ಎಂಬ ಈ ಗೆರೆಯನ್ನೇ ಅಮೆರಿಕದ ಅಕಾಡೆಮಿಗಳು ಎಳೆಯಲು ಹೆಣಗುತ್ತಿರುವುದು. ಹಳೆಯ ತಲೆಮಾರಿನ ಅಧಿಕಾರಿಗಳಿಗೆ ಇದು ಸುಲಭವಾಗಿತ್ತು. ಎರಡನೆಯ ಮಹಾಯುದ್ಧದ ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಮತವನ್ನೇ ಹಾಕುತ್ತಿರಲಿಲ್ಲ. ಇಂದು ಮತ ಹಾಕಬಹುದು, ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ರಕ್ಷಣಾ ಇಲಾಖೆಯ ನಿಯಮ ಎಷ್ಟು ಸೂಕ್ಷ್ಮವೆಂದರೆ ಸ್ವಂತ ಕಾರಿನ ಹಿಂದೆ ಪಕ್ಷದ ಒಂದು ಸ್ಟಿಕ್ಕರ್ ಅಂಟಿಸಬಹುದು, ದೊಡ್ಡ ಫಲಕ ಕಟ್ಟುವಂತಿಲ್ಲ. ಸಮವಸ್ತ್ರದಲ್ಲಿ ಪಕ್ಷದ ಸಭೆಗೆ ಹೋಗುವಂತಿಲ್ಲ. ಸೇನಾ ದಂಡಸಂಹಿತೆಯ 88ನೆಯ ವಿಧಿಯ ಪ್ರಕಾರ ಅಧ್ಯಕ್ಷ, ಉಪಾಧ್ಯಕ್ಷ, ಕಾಂಗ್ರೆಸ್, ರಕ್ಷಣಾ ಕಾರ್ಯದರ್ಶಿ (ಅಲ್ಲಿ ಮಂತ್ರಿಯನ್ನು ಕರೆಯುವುದು ಹಾಗೆ) ಮುಂತಾದವರ ಬಗ್ಗೆ ತಿರಸ್ಕಾರದ ಮಾತಾಡುವ ಅಧಿಕಾರಿ ಅಪರಾಧಿ. ಈ ವಿಧಿ ಸಿಪಾಯಿಗಳಿಗೆ ಅನ್ವಯಿಸುವುದಿಲ್ಲ, ಅಧಿಕಾರಿಗಳಿಗೆ ಮಾತ್ರ. 1965ರಲ್ಲಿ ಟೆಕ್ಸಾಸಿನ ಎಲ್ ಪಾಸೊದಲ್ಲಿ ಒಬ್ಬ ಸೆಕೆಂಡ್ ಲೆಫ್ಟಿನೆಂಟ್ ರಜೆಯ ಹೊತ್ತಿನಲ್ಲಿ, ಸಾದಾ ಬಟ್ಟೆಯಲ್ಲಿ, ವಿಯೆಟ್ನಾಂ ಯುದ್ಧದ ವಿರುದ್ಧದ ಮೆರವಣಿಗೆಯಲ್ಲಿ ಅಧ್ಯಕ್ಷ ಜಾನ್ಸನ್‌ರನ್ನು ಹೀಗಳೆಯುವ ಫಲಕ ಹಿಡಿದು ನಡೆದದ್ದಕ್ಕೆ ಕೋರ್ಟ್ ಮಾರ್ಷಲ್ ಎದುರಿಸಿ ಶಿಕ್ಷೆ ಅನುಭವಿಸಿದ.

ಗೆರೆ ದಾಟಿದ ದೊಡ್ಡವರ ಕಥೆ ಎಂದರೆ ಡಗ್ಲಸ್ ಮೆಕಾರ್ಥರ್‌ನದೇ. ಕೊರಿಯಾ ಯುದ್ಧವನ್ನು ಚೀನಾಕ್ಕೆ ಹಬ್ಬಿಸುವುದು ಬೇಡ ಎಂಬ ಅಧ್ಯಕ್ಷ ಟ್ರೂಮನ್‌ರ ನೀತಿಯನ್ನು ಟೀಕಿಸಿ ವಿರೋಧ ಪಕ್ಷದ ನಾಯಕನಿಗೆ ಅವನು ಬರೆದ ಪತ್ರವನ್ನು 1951ರ ಏಪ್ರಿಲ್ 5ರಂದು ಪ್ರತಿನಿಧಿ ಸಭೆಯಲ್ಲಿ ಓದಲಾಯಿತು. ಆರನೆಯ ದಿನಕ್ಕೆ, ಏಪ್ರಿಲ್ 11ರಂದು, ಅವನನ್ನು ಹುದ್ದೆಯಿಂದ ಕಿತ್ತುಹಾಕಲಾಯಿತು. ಇದೇ ಮೆಕಾರ್ಥರ್ 1919ರಿಂದ ಮೂರು ವರ್ಷ ವೆಸ್ಟ್ ಪಾಯಿಂಟ್ ಮುಖ್ಯಸ್ಥನಾಗಿ ಅಲ್ಲಿನ ಓದಿನಲ್ಲಿ ಸಮಾಜ ವಿಷಯಗಳಿಗೆ ಹೆಚ್ಚು ಜಾಗ ಬೇಕೆಂದು ಹಟ ಹಿಡಿದಿದ್ದವನು. ತಮಾಷೆಯೆಂದರೆ 1962ರ ಮೇ ತಿಂಗಳಲ್ಲಿ ಮುದುಕನಾಗಿ ಅಲ್ಲಿಗೆ ಹಿಂದಿರುಗಿ ಮಾಡಿದ ಹೆಸರಾಂತ ಭಾಷಣದಲ್ಲಿ, ಸರ್ಕಾರ ಹೇಗೆ ನಡೆಯಬೇಕೆಂಬ ವಾಗ್ವಾದ ನಾಗರಿಕರಿಗೆ ಬಿಟ್ಟದ್ದು, ನಿಮ್ಮ ಕೆಲಸ ಯುದ್ಧ ಗೆಲ್ಲುವುದು ಎಂದು ಕೆಡೆಟ್‌ಗಳಿಗೆ ಬುದ್ಧಿ ಹೇಳಿದ. ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯನವರು 1959ರಲ್ಲಿ ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಅವರೊಡನೆ ಹೊಂದಿಕೆಯಾಗದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಓಗೊಟ್ಟು ಹಿಂತೆಗೆದುಕೊಂಡ ಪ್ರಸಂಗವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಪತ್ರ ಬರೆಯುವುದು ಪ್ರಧಾನಿಗೋ ವಿರೋಧ ಪಕ್ಷದ ನಾಯಕನಿಗೋ ಎಂಬಲ್ಲಿ ಇಡೀ ವ್ಯತ್ಯಾಸವಿದೆ.

ಇಲ್ಲಿಯವರೆಗಿನದು ಪಠ್ಯದಲ್ಲಿ ಬಹುಕಾಲದಿಂದ ಇರುವ ಸಂಗತಿ. ಪಾಠ ಕಷ್ಟವಾಗತೊಡಗಿದ್ದು ಈಚಿನ ಆರೇಳು ವರ್ಷಗಳಲ್ಲಿ. 2020ರ ಜೂನ್ 1ರಂದು ಶ್ವೇತಭವನದ ಎದುರಿನ ಲಫಾಯೆಟ್ ಚೌಕದಿಂದ ಪ್ರತಿಭಟನಾಕಾರರನ್ನು ತೆರವುಗೊಳಿಸಿದ ಮೇಲೆ ಅಧ್ಯಕ್ಷ ಟ್ರಂಪ್ ಫೋಟೊ ತೆಗೆಸಿಕೊಳ್ಳಲು ಪಕ್ಕದ ಚರ್ಚಿಗೆ ನಡೆದುಹೋದಾಗ, ಸೇನಾ ಮುಖ್ಯಸ್ಥರ ಮಂಡಳಿಯ ಅಧ್ಯಕ್ಷ ಜನರಲ್ ಮಾರ್ಕ್ ಮಿಲಿ ಯುದ್ಧದ ಸಮವಸ್ತ್ರದಲ್ಲಿ ಜೊತೆಗಿದ್ದರು. ಹತ್ತು ದಿನದ ಮೇಲೆ, ನಾನು ಅಲ್ಲಿರಬಾರದಾಗಿತ್ತು ಎಂದು ಸಾರ್ವಜನಿಕವಾಗಿ ಒಪ್ಪಿಕೊಂಡರು. ಮರುವರ್ಷ ಜೂನ್‌ನಲ್ಲಿ ಅದೇ ಮಿಲಿಯವರನ್ನು ಪ್ರತಿನಿಧಿ ಸಭೆಯ ಸಮಿತಿ ವೆಸ್ಟ್ ಪಾಯಿಂಟ್‌ನಲ್ಲಿ ಜನಾಂಗದ ಪ್ರಶ್ನೆಯ ಕುರಿತು ನಡೆದ ಉಪನ್ಯಾಸದ ಬಗ್ಗೆ ತರಾಟೆಗೆ ತೆಗೆದುಕೊಂಡಿತು. ತಾನು ಮಾವೋನನ್ನೂ ಮಾರ್ಕ್ಸ್‌ನನ್ನೂ ಲೆನಿನ್‌ನನ್ನೂ ಓದಿದ್ದೇನೆ, ಅದರಿಂದ ಕಮ್ಯುನಿಸ್ಟ್ ಆಗಲಿಲ್ಲ ಎಂದರು ಮಿಲಿ. ಉತ್ತರ ಚೆನ್ನಾಗಿತ್ತು. ಆದರೆ ಸಮವಸ್ತ್ರದ ಜನರಲ್ ಒಬ್ಬರು ದೇಶದ ಅತಿ ಬಿಸಿಯಾದ ವಾದದಲ್ಲಿ ಒಂದು ಪಕ್ಷದ ಚಪ್ಪಾಳೆ, ಇನ್ನೊಂದರ ಬೈಗುಳ ಗಿಟ್ಟಿಸಿಕೊಂಡ ಆ ಗಳಿಗೆಯೂ ಅಕಾಡೆಮಿಗೆ ಲಾಭದ್ದಾಗಿರಲಿಲ್ಲ ಎಂದು ಹೇಳಲೇಬೇಕು.

2025ರ ಜನವರಿ 27ರ ಅಧ್ಯಕ್ಷರ ಆದೇಶ ಈ ವಾದವನ್ನು ತರಗತಿಯೊಳಕ್ಕೇ ತಂದಿತು. ಜನಾಂಗ ಮತ್ತು ಲಿಂಗದ ಕುರಿತ ಕೆಲವು ‘ಒಡಕು ತರುವ’ ವಿಚಾರಗಳ ಬೋಧನೆಯನ್ನು ಸೇನಾ ಶಿಕ್ಷಣ ಸಂಸ್ಥೆಗಳಲ್ಲಿ ನಿಷೇಧಿಸಿ, ಅಮೆರಿಕವೂ ಅದರ ಸ್ಥಾಪನಾ ದಸ್ತಾವೇಜುಗಳೂ ಮನುಷ್ಯ ಚರಿತ್ರೆಯಲ್ಲೇ ಒಳಿತಿನ ಅತಿ ದೊಡ್ಡ ಶಕ್ತಿ ಎಂದು ಕಲಿಸಬೇಕೆಂದು ಅದು ಹೇಳಿತು. ಫೆಬ್ರವರಿಯಲ್ಲಿ ವೆಸ್ಟ್ ಪಾಯಿಂಟ್ ಹನ್ನೆರಡು ಕೆಡೆಟ್ ಸಂಘಗಳನ್ನು ಮುಚ್ಚಿತು. ಕಪ್ಪು ಎಂಜಿನಿಯರುಗಳ, ಮಹಿಳಾ ಎಂಜಿನಿಯರುಗಳ ಸಂಘಗಳು ಅವುಗಳಲ್ಲಿದ್ದವು. ಏಪ್ರಿಲ್ ಹೊತ್ತಿಗೆ ನೌಕಾ ಅಕಾಡೆಮಿಯ ಗ್ರಂಥಾಲಯದಿಂದ 381 ಪುಸ್ತಕಗಳು ಹೊರಬಿದ್ದವು, ಮುಂದಿನ ತಿಂಗಳು ಅವುಗಳಲ್ಲಿ ಬಹುಪಾಲು ಸದ್ದಿಲ್ಲದೆ ಕಪಾಟಿಗೆ ಮರಳಿದವು. ವೆಸ್ಟ್ ಪಾಯಿಂಟ್‌ನ ತತ್ತ್ವಶಾಸ್ತ್ರ ಪ್ರಾಧ್ಯಾಪಕರೊಬ್ಬರು ಇನ್ನು ಇಲ್ಲಿ ಪ್ರಾಮಾಣಿಕವಾಗಿ ಪಾಠ ಮಾಡಲಾಗದು ಎಂದು ಪತ್ರಿಕೆಯಲ್ಲಿ ಬರೆದು ರಾಜೀನಾಮೆ ಕೊಟ್ಟರು. ಜುಲೈ ಕೊನೆಯಲ್ಲಿ ಸಮಾಜ ವಿಜ್ಞಾನ ವಿಭಾಗಕ್ಕೇ ಪೆಟ್ಟು ಬಿತ್ತು: ಅಲ್ಲಿನ ಗೌರವ ಪೀಠಕ್ಕೆ ನೇಮಕಗೊಂಡಿದ್ದ ಜೆನ್ ಈಸ್ಟರ್ಲಿ, ವೆಸ್ಟ್ ಪಾಯಿಂಟ್‌ನಲ್ಲೇ ಓದಿದವರು, ಬೈಡನ್ ಆಡಳಿತದಲ್ಲಿ ಸೈಬರ್ ಭದ್ರತಾ ಸಂಸ್ಥೆಯನ್ನು ನಡೆಸಿದವರು. ಜಾಲತಾಣದಲ್ಲಿ ಟ್ರಂಪ್ ಬೆಂಬಲಿಗರಿಂದ ಆಕ್ಷೇಪ ಎದ್ದದ್ದೇ ತಡ, ಭೂಸೇನಾ ಕಾರ್ಯದರ್ಶಿ ಆ ನೇಮಕವನ್ನು ರದ್ದು ಮಾಡಿಸಿದರು.

ಇಲ್ಲಿ ಸಿಟ್ಟಾಗುವುದು ಸುಲಭ, ಗಂಟನ್ನು ಬಿಡಿಸುವುದು ಕಷ್ಟ. ಸೇನೆ ಚುನಾಯಿತ ಸರ್ಕಾರದ ಅಂಕೆಯಲ್ಲಿರಬೇಕು ಎಂಬುದೇ ಈ ಕೋರ್ಸಿನ ಮೊದಲ ಪಾಠ. ಅಕಾಡೆಮಿ ಹಾರ್ವರ್ಡ್ ಅಲ್ಲ, ಅದು ಸೇನೆಯ ಒಂದು ಘಟಕ. ಅಲ್ಲಿ ಏನು ಕಲಿಸಬೇಕೆಂದು ಹೇಳುವ ಹಕ್ಕು ಸರ್ಕಾರಕ್ಕೆ ಇಲ್ಲವೆಂದು ವಾದಿಸಿದರೆ ಮೊದಲ ಪಾಠವನ್ನೇ ಅಳಿಸಿದಂತೆ. ಆದ್ದರಿಂದ ಪಠ್ಯ ಬದಲಿಸಿ ಎಂಬ ಆದೇಶ ಬಂದಾಗ ಪಾಲಿಸಿದ ಮೇಜರನ್ನು ಹೇಡಿ ಎನ್ನಲು ನಾನು ಸಿದ್ಧನಿಲ್ಲ. ನನ್ನ ತಕರಾರು ಬೇರೆ ಕಡೆ ಇದೆ. ಸಂವಿಧಾನವೇ ಸೇನೆಯ ನಿಯಮಗಳನ್ನು ಮಾಡುವ ಅಧಿಕಾರ ಕೊಟ್ಟಿರುವುದು ಕಾಂಗ್ರೆಸ್ಸಿಗೆ, ಅಂದರೆ ಎರಡೂ ಪಕ್ಷಗಳು ಕುಳಿತಿರುವ ಸಭೆಗೆ. ಅಧ್ಯಕ್ಷನೊಬ್ಬನೇ ಬರೆದ ಆದೇಶದಿಂದ ತೀರ್ಮಾನವನ್ನು ಮೊದಲೇ ಕೊಟ್ಟು ಅದನ್ನು ಕಲಿಸಿ ಎಂದರೆ, ಥೇಯರ್‌ನ ಕರಿಹಲಗೆಗೆ ಕೊನೆಗೂ ಒಂದೇ ಉತ್ತರದ ಪ್ರಶ್ನೆ ಸಿಕ್ಕಂತಾಯಿತು. ಸ್ಥಾಪನಾ ದಸ್ತಾವೇಜುಗಳು ದೊಡ್ಡವೆಂದು ಒಪ್ಪಿಸುವ ದಾರಿ ಅವುಗಳೊಳಗಿನ ಜಗಳವನ್ನು ಓದಿಸುವುದೇ ಹೊರತು ಅವುಗಳಿಗೆ ಮಂಗಳಾರತಿ ಎತ್ತಿಸುವುದಲ್ಲ. ಪ್ರತಿನಿಧಿ ಸಭೆಯ ಸ್ಥಾನ ಹಂಚುವ ಜನಸಂಖ್ಯೆಯ ಲೆಕ್ಕಕ್ಕೆ ಗುಲಾಮರನ್ನು ಐದರಲ್ಲಿ ಮೂರು ಪಾಲು ಎಂದ ಸಂವಿಧಾನದ ಕಲಮನ್ನು ಬಿಟ್ಟು, 1861ರ ನಂತರ ಕೆಡೆಟ್ ಪ್ರತಿಜ್ಞೆಗೆ ಆ ಸಾಲು ಯಾಕೆ ಸೇರಿತೆಂದು ಯಾವ ಶಿಕ್ಷಕ ತಾನೆ ವಿವರಿಸಬಲ್ಲ?

ತರಗತಿಯ ಹೊರಗೆ ನಡೆಯುತ್ತಿರುವುದು ಪಠ್ಯಕ್ಕಿಂತ ವೇಗವಾಗಿ ಓಡುತ್ತಿದೆ. 2025ರ ಮೇ 24ರಂದು ವೆಸ್ಟ್ ಪಾಯಿಂಟ್‌ನ ಪದವಿ ಸಮಾರಂಭದಲ್ಲಿ ಅಧ್ಯಕ್ಷರು ತಮ್ಮ ಚುನಾವಣಾ ಘೋಷಣೆಯ ಕೆಂಪು ಟೋಪಿ ಹಾಕಿಕೊಂಡೇ ಮಾತಾಡಿದರು. ಜೂನ್‌ನಲ್ಲಿ ಲಾಸ್ ಏಂಜಲೀಸಿಗೆ ರಾಜ್ಯಗಳ ಮೀಸಲು ಸೇನೆಯಾದ ನ್ಯಾಷನಲ್ ಗಾರ್ಡ್ ಪಡೆಯನ್ನೂ 700 ಮರೀನ್‌ಗಳನ್ನೂ ಕಳುಹಿಸಲಾಯಿತು. ದೇಶದೊಳಗೆ ಪೊಲೀಸ್ ಕೆಲಸಕ್ಕೆ ಸೇನೆಯನ್ನು ಬಳಸುವುದನ್ನು ತಡೆಯುವ 1878ರ ಕಾಯ್ದೆ ಇದರಿಂದ ಮುರಿದಿದೆಯೆಂದು ಸೆಪ್ಟೆಂಬರ್ 2ರಂದು ಫೆಡರಲ್ ನ್ಯಾಯಾಧೀಶರೊಬ್ಬರು ತೀರ್ಪಿತ್ತರು, ಸರ್ಕಾರ ಮೇಲ್ಮನವಿ ಹೋಯಿತು. ಸೆಪ್ಟೆಂಬರ್ 30ರಂದು ಲೋಕದ ನಾನಾ ಕಡೆಗಳಿಂದ ಕರೆಸಿದ ನೂರಾರು ಜನರಲ್‌ಗಳು, ಅಡ್ಮಿರಲ್‌ಗಳು ವರ್ಜೀನಿಯಾದ ಕ್ವಾಂಟಿಕೋದಲ್ಲಿ ಕುಳಿತು ಅಧ್ಯಕ್ಷರ ಭಾಷಣ ಕೇಳಿದರು. ನಮ್ಮ ಕೆಲವು ನಗರಗಳನ್ನು ಸೇನೆಯ ತಾಲೀಮಿಗೆ ಬಳಸಬೇಕು ಎಂಬ ಮಾತೂ ಅದರಲ್ಲಿತ್ತು. ರಾಜಕೀಯ ಸಭೆಯಾಗಿದ್ದರೆ ಚಪ್ಪಾಳೆ ಬೀಳಬೇಕಾಗಿದ್ದ ಕಡೆಗಳಲ್ಲಿ ಆ ಸಭಾಂಗಣ ಬಹುಮಟ್ಟಿಗೆ ಸುಮ್ಮನಿತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಕಲಿತ ಪಾಠ ಐವತ್ತೈದರಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ಆ ಮೌನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ನವೆಂಬರ್‌ನಲ್ಲಿ ಪ್ರಶ್ನೆ ನೇರವಾಗಿ ಪ್ರತಿಜ್ಞೆಯ ‘ಕಾನೂನುಬದ್ಧ’ ಎಂಬ ಆ ಒಂದು ಪದಕ್ಕೇ ಬಂದು ತಗುಲಿತು. ಸೇನೆಯಲ್ಲೋ ಗುಪ್ತಚರ ಸಂಸ್ಥೆಯಲ್ಲೋ ಕೆಲಸ ಮಾಡಿದ್ದ ಆರು ಡೆಮಾಕ್ರಟಿಕ್ ಕಾಂಗ್ರೆಸ್ ಸದಸ್ಯರು, ಕಾನೂನುಬಾಹಿರ ಆದೇಶಗಳನ್ನು ನೀವು ನಿರಾಕರಿಸಬಹುದು ಎಂದು ಸೈನಿಕರಿಗೆ ಹೇಳುವ ವಿಡಿಯೊ ಬಿಡುಗಡೆ ಮಾಡಿದರು. ಇದು ಮರಣದಂಡನೆಗೆ ಅರ್ಹವಾದ ದೇಶದ್ರೋಹದ ನಡೆ ಎಂದರು ಅಧ್ಯಕ್ಷರು. ಆರು ಜನರಲ್ಲಿ ನೌಕಾಪಡೆಯ ನಿವೃತ್ತ ಕ್ಯಾಪ್ಟನ್ ಆದ ಸೆನೆಟರ್ ಮಾರ್ಕ್ ಕೆಲಿ ಅವರ ಮೇಲೆ ರಕ್ಷಣಾ ಇಲಾಖೆ ವಿಚಾರಣೆ ಶುರುಮಾಡಿತು. ವಿಡಿಯೊದಲ್ಲಿ ಹೇಳಿದ ಕಾನೂನು ಸರಿಯೇ. ಆದರೆ ಯಾವ ಆದೇಶ ಕಾನೂನುಬಾಹಿರ ಎಂಬುದನ್ನು ಅದು ಹೇಳಲಿಲ್ಲ, ಇಪ್ಪತ್ತೆರಡರ ಲೆಫ್ಟಿನೆಂಟ್‌ಗೆ ಬೇಕಾದದ್ದು ಅದೊಂದೇ. ಸೇನಾ ಕಾನೂನಿನ ಪ್ರಕಾರ ಬಂದ ಆದೇಶವನ್ನು ಕಾನೂನುಬದ್ಧವೆಂದೇ ಭಾವಿಸಬೇಕು. ಅಪರಾಧವೆಸಗು ಎನ್ನುವಂಥ, ಮೇಲ್ನೋಟಕ್ಕೇ ಅಕ್ರಮವಾದ ಆದೇಶಕ್ಕೆ ಮಾತ್ರ ಈ ರಕ್ಷಣೆಯಿಲ್ಲ. ತಪ್ಪು ಊಹಿಸಿ ನಿರಾಕರಿಸಿದರೆ ಹೊಣೆ ನಿರಾಕರಿಸಿದವನದೇ.

ಇದನ್ನು ಟ್ರಂಪ್ ಹೆಸರನ್ನೂ ಡೆಮಾಕ್ರಟರ ಹೆಸರನ್ನೂ ಎತ್ತದೆ, ಯಾವ ಆದೇಶವನ್ನೂ ಮೀರದೆ ಪಾಠ ಮಾಡಲು ಸಾಧ್ಯವೇ? ಸಾಧ್ಯ. ಹಳೆಯದೊಂದು ಮೊಕದ್ದಮೆ ಅದಕ್ಕೆಂದೇ ಕಾದಿರುವಂತಿದೆ. 1799ರಲ್ಲಿ ಫ್ರಾನ್ಸ್ ಜೊತೆ ಅಘೋಷಿತ ಕಡಲ ಜಗಳ ನಡೆಯುತ್ತಿದ್ದಾಗ, ಫ್ರೆಂಚ್ ಬಂದರುಗಳಿಗೆ ಹೋಗುತ್ತಿರುವ ಅಮೆರಿಕದ ಹಡಗುಗಳನ್ನು ಹಿಡಿಯಲು ಕಾಂಗ್ರೆಸ್ ಕಾಯ್ದೆ ಮಾಡಿತು. ಹೋಗುವ ಹಡಗುಗಳನ್ನಷ್ಟೇ. ಅಧ್ಯಕ್ಷ ಜಾನ್ ಆಡಮ್ಸ್ ಆಡಳಿತ ಅದನ್ನು ಕ್ಯಾಪ್ಟನ್ನರಿಗೆ ದಾಟಿಸುವಾಗ, ಹೋಗುವ ಅಥವಾ ಬರುವ ಹಡಗುಗಳನ್ನು ಎಂದು ಹಿಗ್ಗಿಸಿ ಬರೆಯಿತು. ‘ಬಾಸ್ಟನ್’ ಎಂಬ ಯುದ್ಧನೌಕೆಯ ಕ್ಯಾಪ್ಟನ್ ಜಾರ್ಜ್ ಲಿಟ್ಲ್, ಇಂದಿನ ಹೈಟಿಯಲ್ಲಿರುವ ಜೆರೆಮಿ ಬಂದರಿನಿಂದ ಬರುತ್ತಿದ್ದ ‘ಫ್ಲೈಯಿಂಗ್ ಫಿಶ್’ ಎಂಬ ಹಡಗನ್ನು ಅನುಮಾನದ ಮೇಲೆ ಹಿಡಿದ. ಹಡಗು ನೋಡಿದರೆ ಡೆನ್ಮಾರ್ಕಿನ ಪ್ರಜೆಯದು. ಮಾಲೀಕರು ನಷ್ಟ ಪರಿಹಾರ ಕೇಳಿ ಕೋರ್ಟಿಗೆ ಹೋದರು. 1804ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ತೀರ್ಪು ಬರೆಯುತ್ತ, ಆದೇಶ ಪಾಲಿಸಿದ ಕ್ಯಾಪ್ಟನ್‌ಗೆ ದಂಡ ಹಾಕಬಾರದೆಂದೇ ತನ್ನ ಮನಸ್ಸು ಮೊದಲು ಬಲವಾಗಿ ವಾಲಿತ್ತು ಎಂದು ಒಪ್ಪಿಕೊಂಡಿದ್ದಾರೆ. ಸಹ ನ್ಯಾಯಮೂರ್ತಿಗಳ ವಾದ ಕೇಳಿ ಮನಸ್ಸು ಬದಲಿಸಿದರು. ಕಾಯ್ದೆ ಕೊಡದ ಅಧಿಕಾರವನ್ನು ಅಧ್ಯಕ್ಷರ ಸೂಚನೆ ಕೊಡಲಾರದು, ನಷ್ಟವನ್ನು ಕ್ಯಾಪ್ಟನ್ ತನ್ನ ಕೈಯಿಂದ ತುಂಬಬೇಕು ಎಂದಾಯಿತು. ಮೊತ್ತ 8 ಸಾವಿರ ಡಾಲರಿಗೂ ಹೆಚ್ಚು, ಆ ಕಾಲಕ್ಕೆ ಒಂದು ಮನೆತನವನ್ನು ಮುಳುಗಿಸಬಲ್ಲ ಹಣ.

ಇಂದಿನ ಅಧಿಕಾರಿಗೆ ಇಂಥ ವೈಯಕ್ತಿಕ ದಂಡದಿಂದ ಕಾನೂನಿನ ರಕ್ಷಣೆಗಳು ಬಹಳ ಇವೆ, ಅದನ್ನೂ ಹೇಳಿಕೊಡಬೇಕು. ಆದರೂ ಆ ಕ್ಯಾಪ್ಟನ್ ಹಡಗಿನ ಕಟಕಟೆಯ ಬಳಿ ಕೈಯಲ್ಲಿ ಆದೇಶದ ಕಾಗದ ಹಿಡಿದು ನಿಂತಿದ್ದಾನೆ, ಕಾಯ್ದೆಯ ಪ್ರತಿ ಅವನ ಬಳಿ ಇದೆಯೋ ಇಲ್ಲವೋ, ಎದುರಿನ ಹಡಗು ಸಾಗಿಹೋಗುವುದರೊಳಗೆ ತೀರ್ಮಾನಿಸಬೇಕು ಎಂದು ಹೇಳಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಹತ್ತೊಂಬತ್ತರ ಹುಡುಗಿಯೊಬ್ಬಳನ್ನು ಎಬ್ಬಿಸಿ ಕೇಳಿದರೆ, ಆ ಗಂಟೆ ಬೇಗ ಮುಗಿಯಲಾರದು. ಲಿಟ್ಲ್‌ನ ಕಥೆಗೆ ಒಂದು ಬಾಲವೂ ಇದೆ. ತೀರ್ಪು ಬಂದು ಮೂರು ವರ್ಷಕ್ಕೆ, 1807ರಲ್ಲಿ, ಆ ದಂಡದ ಹಣವನ್ನು ಅವನಿಗೆ ಸರ್ಕಾರದ ಬೊಕ್ಕಸದಿಂದ ತುಂಬಿಕೊಡಲು ಅವನೊಬ್ಬನಿಗಾಗಿಯೇ ಒಂದು ಕಾಯ್ದೆ ಆಯಿತು. ಮಾಡಿದ್ದು ಕಾಂಗ್ರೆಸ್.